ರಮಾನಾಥನ ಓಟು ಊರು ಬಿಟ್ಟದ್ದು

ಬೈಕುಲ್ಲಾದ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿಯೇ ರಮಾನಾಥನ ತಲೆ ನರೆತಿತ್ತು. ಸಂಸಾರ ವಿಕ್ರೋಳಿಯ ಚಾಳಿನಲ್ಲಿ. ಗಂಡ ಹೆಂಡಿರ ಓಟು ಮಾತ್ರ ಉಡುಪಿ ಕಡೆಯ ಹಳ್ಳಿಯಲ್ಲಿ. ಹೋಟೆಲಿನವರೆಲ್ಲ ಹಾಗೆಯೇ. ಚುನಾವಣೆ ಬಂತೆಂದರೆ ಬಸ್ಸು ತುಂಬ ಹೊರಟು, ಓಟು ಹಾಕಿ, ಮೀನೂಟ ಉಂಡು ಮರಳುವುದು. ದೇಶಸೇವೆ ಎಷ್ಟೋ, ಮೀನಿನ ಆಸೆ ಎಷ್ಟೋ, ದೇವರೇ ಬಲ್ಲ.

ಕಷ್ಟವೆಲ್ಲ ಹೆಂಡತಿ ಸೇವಂತಿಯದು. ಚಾಳಿನ ನಳದಲ್ಲಿ ನೀರು ನೂಲಿನಷ್ಟು ಬರುತ್ತಿತ್ತು. ಆ ಬಗ್ಗೆ ಸಭೆ ಸೇರಿದಾಗ ಆಕೆ ಬಾಯಿ ತೆರೆದರೆ ಸಾಕು, ನೆರೆಯವರು ಕೇಳುತ್ತಿದ್ದರು: "ತುಮ್ಹಾರಾ ವೋಟ್ ತೋ ಗಾಂವ್ ಮೇ ಹೈ ನಾ?" ನಿಮ್ಮ ಓಟು ಊರಿನಲ್ಲಲ್ಲವೇ, ಇಲ್ಲಿ ನಿಮ್ಮದೇನು ಮಾತು ಎಂಬ ಧಾಟಿ.

"ನೀರಿಲ್ಲದ್ದು ಇಲ್ಲಿ, ಗೆಲ್ಲಿಸುದು ಅಲ್ಲಿಯವರನ್ನಾ?" ಎಂದು ಸೇವಂತಿ ಗಂಡನ ತಲೆ ತಿಂದಳು. ಕೊನೆಗೆ ಇಬ್ಬರ ಹೆಸರೂ ವಿಕ್ರೋಳಿಯ ಮತದಾರರ ಪಟ್ಟಿಗೆ ಬಂತು. ರಮಾನಾಥನಿಗೆ ಮಾತ್ರ ಊರಿಗೆ ಬೆನ್ನು ಹಾಕಿದ ಸಂಕಟ.

ಅಷ್ಟರಲ್ಲಿ ವಿಕ್ರೋಳಿಯ ಶಾಸಕರು ತೀರಿಕೊಂಡು ಉಪಚುನಾವಣೆ ಬಂತು. ಓಟಿನ ದಿನ ರಜೆ ಕೇಳಿದರೆ ಹೋಟೆಲಿನ ಧಣಿ ಧರ್ಮಣ್ಣ ನಕ್ಕರು.

"ಇವತ್ತು ಎಂತ ಓಟು ಮಾರಾಯ? ಊರಿಗೆ ಬಸ್ಸೇ ಹೊರಡ್ಲಿಲ್ಲ!"

"ವಿಕ್ರೋಳಿಯಲ್ಲಿ ಉಂಟು, ಧಣಿ."

ಮತಗಟ್ಟೆಯಲ್ಲಿ ಸಾಲಿಲ್ಲ, ಗಲಾಟೆಯಿಲ್ಲ, ಪರಿಚಯದ ಒಂದು ಮುಖವಿಲ್ಲ. ಗುಂಡಿ ಒತ್ತಿ ಹೊರಬಂದವನು, "ಇಷ್ಟೇಯಾ?" ಎಂದು ಸಪ್ಪಗಾದ.

ಫಲಿತಾಂಶದ ಸಂಜೆ ಗೆದ್ದವರ ಮೆರವಣಿಗೆ ಚಾಳಿಗೇ ನುಗ್ಗಿತು. ಹೊಸ ಶಾಸಕರು ಕೈಮುಗಿಯುತ್ತ ಬಂದರು. ಸೇವಂತಿ ಗಂಡನ ಬೆನ್ನಿಗೆ ಮೆಲ್ಲಗೆ ತಿವಿದಳು. ಜೀವಮಾನವಿಡೀ ಗಿರಾಕಿಗಳ ದೂರು ಕೇಳಿದ ಮನುಷ್ಯ ಅಂದು ಮೊದಲ ಬಾರಿ ತಾನೊಂದು ದೂರು ಹೇಳಿದ: ನಳದಲ್ಲಿ ನೀರಿಲ್ಲ.

"ದೇಖೇಂಗೆ, ಅಣ್ಣಾ," ನೋಡೋಣ ಎಂದು ಶಾಸಕರು ಮುಂದೆ ಹೆಜ್ಜೆಯಿಟ್ಟರು.

ರಮಾನಾಥ ದಾರಿ ಬಿಡಲಿಲ್ಲ. ದೋಸೆ ತಡವಾದರೆ ತಾನೂ ಗಿರಾಕಿಗೆ ಇದನ್ನೇ ಹೇಳುವುದು, ಯಾವಾಗ ಅಂತ ಹೇಳಿ ಸಾಹೇಬ್, ಎಂದು ತನ್ನ ಹೋಟೆಲ್ ಹಿಂದಿಯಲ್ಲೇ ಕೇಳಿದ. ಜನ ಗೊಳ್ಳೆಂದು ನಕ್ಕರು. ಶಾಸಕರು ನಗಲಿಲ್ಲ, ಪಕ್ಕದವನಿಗೆ ಏನೋ ಹೇಳಿ, ಸೋಮವಾರ ಜನ ಕಳಿಸುವುದಾಗಿ ಎಲ್ಲರೆದುರು ಒಪ್ಪಿಕೊಂಡರು.

ಸೇವಂತಿಗೆ ಹೆಮ್ಮೆ ತಡೆಯಲಾಗಲಿಲ್ಲ. "ನೀವು ಇವರಿಗೇ ಹಾಕಿದ್ದಾ?"

"ಇಲ್ಲ ಮಾರಾಯ್ತಿ, ಸೋತವರಿಗೆ. ಆದ್ರೆ ನೀರು ಕೇಳುದು ಗೆದ್ದವರ ಹತ್ರ ಅಲ್ವಾ?"