ಗಂಟಿನ ತನಕ ಇಳಿದ ದೀಪ

ಕಳೆದ ವಾರ ಜೋಳದ ಡಬ್ಬಿಯ ಮುಚ್ಚಳ ತೆಗೆದಾಗ ಒಂದು ವಾಸನೆ ಬಂತು. ಮುಗ್ಗಲು, ಸ್ವಲ್ಪ ಹುಳಿ, ಸ್ವಲ್ಪ ಬಿಸಿ. ಮೊಮ್ಮಕ್ಕಳೇ, ನೀವು ಮೂಗು ಮುಚ್ಚಿಕೊಂಡು ನಕ್ಕಿರಿ. ನಾನು ಮೂರು ಹೆಜ್ಜೆ ಹಿಂದೆ ಸರಿದೆ. ಯಾಕೆ ಎಂದು ಕೇಳಿದಿರಿ, ಹೇಳಲಿಲ್ಲ... ಅದು ಹಗೇವಿನ ವಾಸನೆ.

ನೀವು ಹಗೇವು ನೋಡಿಲ್ಲ. ಮೋರಟಗಿ ಹತ್ತಿರದ ನನ್ನ ತವರೂರಿನಲ್ಲಿ ಮನೆಯ ಮುಂದೆ ನೆಲದೊಳಗೆ ಆಳವಾದ ಕುಣಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅದರ ಮೇಲೆಯೇ ನಾವು ಕುಂಟಾಟ ಆಡುತ್ತಿದ್ದೆವು. ನಮ್ಮ ಮನೆಯ ಹಗೇವು ನೋಡಿಕೊಳ್ಳುವವನು ಮುತ್ಯಾ, ನನ್ನ ಅಜ್ಜ. ಮುಚ್ಚಿಟ್ಟ ಕಾಳು ಕೂಡ ಉಸಿರಾಡುತ್ತದೆ, ಒಳಗಿನ ಗಾಳಿ ಕೆಡಿಸುತ್ತದೆ ಎಂದು ಹೇಳಿಕೊಟ್ಟವರು ಏಳನೇ ಇಯತ್ತೆಯ ವಿಜ್ಞಾನದ ಮಾಸ್ತರು.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಮಾಸ್ತರು ಇಂಡಿ ಕಡೆಯವರು, ತೆಳ್ಳಗಿನ ಮನುಷ್ಯ. ಬೇರೆಯವರು ಪ್ರಶ್ನೋತ್ತರ ಬರೆಸಿ ಬಾಯಿಪಾಠ ಮಾಡಿಸಿದರೆ, ಇವರು ಪಾಠ ಓದಿಸಿ ಪುಸ್ತಕ ಮುಚ್ಚಿಸುತ್ತಿದ್ದರು. ಕಂಡದ್ದನ್ನು ನಮ್ಮ ಮಾತಿನಲ್ಲಿ ಬರೆಯಬೇಕು. ಆಮೇಲೆ ಎದ್ದು ನಿಂತು, ಹೊರಗೆ ಬೇವಿನ ಗಿಡದ ಕೆಳಗೆ ಕುಳಿತವರಿಗೂ ಕೇಳುವ ಹಾಗೆ ಹೇಳಬೇಕು. ಓದುವುದು, ಬರೆಯುವುದು ನನಗೆ ಬರುತ್ತಿತ್ತು. ಎದ್ದು ನಿಂತು ಹೇಳುವುದು ಬರುತ್ತಿರಲಿಲ್ಲ.

ಒಮ್ಮೆ ಪಾತೇಲಿ ಪಾತ್ರೆಯಲ್ಲಿ ಒಂದು ಉದ್ದ, ಒಂದು ಗಿಡ್ಡ ಮೇಣದಬತ್ತಿ ಹಚ್ಚಿಟ್ಟು, ತಳಕ್ಕೆ ಅಡುಗೆ ಸೋಡಾ ಹಾಕಿ ನಿಂಬೆಹಣ್ಣು ಹಿಂಡಿದರು. ನೊರೆ ಎದ್ದಿತು. ಗಿಡ್ಡ ಬತ್ತಿ ಆರಿತು. ಉದ್ದದ್ದು ಏನೂ ಆಗದಂತೆ ಉರಿಯುತ್ತಲೇ ಇತ್ತು. ನಾನು ಬರೆದೆ: ‘ಕೆಟ್ಟ ಗಾಳಿ ಭಾರ. ಅದು ತಳದಲ್ಲಿ ಕೂಡುತ್ತದೆ. ನಮ್ಮ ಹಗೇವಿನಲ್ಲೂ ಹೀಗೇ ಇರಬೇಕು. ಇಳಿಯುವ ಮೊದಲು ಮುತ್ಯಾ ದೀಪ ಬಿಟ್ಟು ನೋಡುತ್ತಾನೆ.’

ಮಾಸ್ತರು ಎರಡು ಸಲ ಓದಿದರು. “ಇದು ಪುಸ್ತಕದಾಗ ಇಲ್ಲ, ನಿನ್ನ ಮನಿ ಅಂಗಳದಾಗ ಐತಿ. ಎದ್ದು ಹೇಳವಾ.”

ಎದ್ದೆ. ನೆಲ ನೋಡಿದೆ. ಹಿಂದಿನಿಂದ ಗೆಳತಿಯೊಬ್ಬಳು, “ಸರ್, ಆಕಿ ಬಾಯಿಗೂ ಕಲ್ಲು ಮುಚ್ಚ್ಯಾರ್ರಿ,” ಎಂದಳು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ನನ್ನ ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಬರೆದರು: ‘ಬರೆದದ್ದು ಸರಿ. ಇನ್ನು ಹೇಳು.’ ಹಗೇವು ತೆಗೆಯುವ ದಿನ ತಾವೂ ಬಂದು ನೋಡುವುದಾಗಿ ಹೇಳಿ ಕಳಿಸಿದರು.

ಆ ರವಿವಾರ ಮುಂಜಾನೆ ಮುತ್ಯಾ ಕಲ್ಲು ಸರಿಸಿದ. ಅರ್ಧ ಜೋಳವನ್ನು ಬೇಸಿಗೆಯಲ್ಲೇ ತೆಗೆದಿದ್ದರಿಂದ ಕುಣಿ ಅರ್ಧ ಖಾಲಿ ಇತ್ತು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ಹಗ್ಗದಲ್ಲೊಂದು ಗಂಟು. ಪ್ರತಿ ಸಲ ಅಲ್ಲಿಯ ತನಕ ಬಿಡುವುದು ನಮ್ಮ ಮನೆಯ ರೂಢಿ. ನಾನು ಬಗ್ಗಿ ನೋಡಿದೆ. ದೀಪ ನೆಟ್ಟಗೆ ಉರಿಯುತ್ತಿತ್ತು. ಅದರ ಕೆಳಗೆ ಇನ್ನೂ ಒಂದಾಳುದ್ದ ಕತ್ತಲೆ, ಆಮೇಲೆ ಜೋಳ. ಹಗ್ಗದ ಗಂಟು ತುಂಬಿದ ಹಗೇವಿನ ಅಳತೆಗೆ ಹಾಕಿದ್ದು... ನನಗೆ ಉದ್ದ ಮೇಣದಬತ್ತಿ ನೆನಪಾಯಿತು.

ಕಂದೀಲು ಮೇಲೆಳೆಯುವಾಗ ಮಾಸ್ತರು ಬಂದರು. “ದೀಪ ಉರೀತೇನ್ರಿ, ಯಜಮಾನ್ರ?”

“ಛಲೋ ಉರೀತ್ರಿ. ಗಂಟಿನ ತನಕ ಬಿಟ್ಟಿದ್ದೆ. ನಮ್ಮಪ್ಪ ಹಾಕಿದ ಗಂಟ್ರಿ ಅದು.”

ಅವರು ನನ್ನ ಕಡೆ ತಿರುಗಿದರು. “ನೀ ನೋಡೀಯೇನವಾ? ಏನ್ ಕಾಣಿಸ್ತು, ಹೇಳು.”

ಓಣಿಯ ಗಂಡಸರೆಲ್ಲ ನನ್ನನ್ನೇ ನೋಡಿದರು. ಮುತ್ಯಾನ ಅಪ್ಪನ ಗಂಟು ಸಾಲದು ಎಂದು ನಾನು ಹೇಗೆ ಹೇಳಲಿ? ಲಂಗದ ಅಂಚು ಹಿಡಿದು ಹಿಂಡುತ್ತ ನಿಂತೆ.

“ಬಿಡ್ರಿ ಮಾಸ್ತರ, ಆಕಿ ಸಂಜಿ ಮಟಾ ನಿಂತ್ರೂ ಹೇಳಂಗಿಲ್ಲ,” ಎಂದು ನಕ್ಕ ಕಾಕಾ, ನನ್ನ ಅಪ್ಪನ ತಮ್ಮ, ಬುಟ್ಟಿ ಹಿಡಿದು ಇಳಿದ.

ಬುಟ್ಟಿ ಬಿದ್ದ ಸಪ್ಪಳ ಕೇಳಿತು. ಮುತ್ಯಾ ಹೆಸರು ಹಿಡಿದು ಕರೆದ. ಇನ್ನೊಮ್ಮೆ ಕರೆದ...

ಮಾಸ್ತರು ನನ್ನ ಮುಖ ನೋಡಿದರು. ನಾನು ಬರೆದದ್ದು ಆಗ ಅವರಿಗೆ ನೆನಪಾಗಿರಬೇಕು. ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು, ಹಗ್ಗದ ತುದಿ ತೆಗೆದುಕೊಂಡು ಇಳಿದೇಬಿಟ್ಟರು. ಕೆಳಗಿನಿಂದ ಹಗ್ಗವನ್ನು ಎರಡು ಸಲ ಜಗ್ಗಿದರು. ಮೇಲಿನವರು ಎಳೆದಾಗ ಹಗ್ಗಕ್ಕೆ ಕಟ್ಟಿದ್ದ ಕಾಕಾ ಬಂದ, ಜೀವ ಇತ್ತು. ಹಗ್ಗವನ್ನು ಮತ್ತೆ ಬಿಟ್ಟರು. ಈ ಸಲ ಅದನ್ನು ಯಾರೂ ಜಗ್ಗಲಿಲ್ಲ.

ಅದೇ ವಾರ ಮುತ್ಯಾ ಹಗೇವಿಗೆ ಮಣ್ಣು ತುಂಬಿಸಿದ. ಮಾಸ್ತರ ಹಣೆಬರಹ ಎಂದು ಊರು ಸುಮ್ಮನಾಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದವರು ಒಬ್ಬರೇ, ಅವರು ಹೋಗಿದ್ದರು. ನಿಮ್ಮ ಅಜ್ಜ ಇರುವವರೆಗೂ ಅವರಿಗೂ ನಾನಿದನ್ನು ಹೇಳಲಿಲ್ಲ.

ನೋಟುಬುಕ್ಕು ನನ್ನ ಟ್ರಂಕಿನಲ್ಲಿದೆ. ಕೆಂಪು ಶಾಯಿ ಮಾಸಿದೆ, ಓದಲು ಬರುತ್ತದೆ. ಡಬ್ಬಿಯ ಜೋಳವನ್ನು ಬಿಸಿಲಿಗೆ ಹರವಿದೆ, ಮುಗ್ಗಲು ಹೋಯಿತು. ಇದೆಲ್ಲ ಬರೆದ ಈ ಹಾಳೆಗಳನ್ನು ನಿಮ್ಮ ಕೈಗೆ ಕೊಡುವುದಿಲ್ಲ. ನಿಮ್ಮನ್ನು ಕೂರಿಸಿ, ನಾನೇ ಎದ್ದು ನಿಂತು, ಹೊರಗೆ ಕಟ್ಟೆಯ ಮೇಲೆ ಕುಳಿತವರಿಗೂ ಕೇಳುವ ಹಾಗೆ ಓದುತ್ತೇನೆ. ಕೇಳಬೇಕಾಗಿದ್ದವರು ಮಾತ್ರ ಇಲ್ಲ.