ಕರೆಯದೆ ಬಂದ ಹದಿಮೂರು

ಚಿತ್ತವಾಡ್ಗಿಯ ಉಜ್ಜಿನಪ್ಪ ಹೊಸಪೇಟೆಯ ಅದಿರು ಕಂಪನಿಯೊಂದರ ಕಚೇರಿಯಲ್ಲಿ ಇಪ್ಪತ್ತು ವರ್ಷ ಟೆಲಿಪ್ರಿಂಟರ್ ಬಡಿದವನು. ಕಂಪ್ಯೂಟರ್ ಬಂದಾಗ ಅದನ್ನೂ ತಾನೇ ಕಲಿತ. ಏನು ಕೆಟ್ಟರೂ ಜನ ಅವನ ಮೇಜಿಗೇ ಬರುತ್ತಿದ್ದರು. ಆ ಸುಖ ಅವನಿಗೆ ಮಂಡಕ್ಕಿ-ಮಿರ್ಚಿಗಿಂತ ರುಚಿಯಾಗಿತ್ತು.

೧೯೯೪ರಲ್ಲಿ ಮಲಪನಗುಡಿಯ ಸುವರ್ಣಮ್ಮ ಕೆಲಸಕ್ಕೆ ಸೇರಿದಳು. ಆರೇ ತಿಂಗಳಲ್ಲಿ ಜನ ಅವನನ್ನು ದಾಟಿ ಅವಳ ಬಳಿಗೆ ಹೋಗತೊಡಗಿದರು. ಉಜ್ಜಿನಪ್ಪನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ಕಂಪನಿಯ ಸಂಡೂರಿನ ಪ್ರಯೋಗಶಾಲೆಯಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆಯ ಕಂಪ್ಯೂಟರ್ ಇತ್ತು, ಹೊಸಪೇಟೆಯಲ್ಲಿ ಡಾಸ್ ಎಂಬ ಬೇರೆ ವ್ಯವಸ್ಥೆಯದು. ಅದಿರಿನ ಪ್ರತಿ ಮಾದರಿಗೂ ಕಬ್ಬಿಣ, ಸಿಲಿಕಾ, ತೇವ ಎಂದು ಮೂರು ಬೈಟು, ಅಂದರೆ ಸಾಲಾಗಿ ಒಂದೊಂದು ಅಂಕಿಗೆ ಒಂದೊಂದು ಮನೆ. ಈ ಫೈಲುಗಳನ್ನೆಲ್ಲ ಒಂದುಗೂಡಿಸಲು ಸುವರ್ಣಮ್ಮ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್ ಸಂಡೂರಿನಲ್ಲಿ ಹೂವೆತ್ತಿದಂತೆ ಓಡಿತು. ಹೊಸಪೇಟೆಯಲ್ಲಿ ಅದೇ ಸ್ಕ್ರಿಪ್ಟ್ ಅಂಕಿಗಳನ್ನು ಕಲಸಿಹಾಕಿತು. ಶನಿವಾರದೊಳಗೆ ಸರಿಪಡಿಸಿದವರಿಗೆ ಎರಡೂ ಊರಿನ ಕಂಪ್ಯೂಟರ್‌ಗಳ ಹೊಣೆ ಎಂದರು ಮ್ಯಾನೇಜರ್ ಮರಿಸ್ವಾಮಿಯವರು.

ಬೈಟುಗಳನ್ನು ಒಂದೊಂದಾಗಿ ನೋಡಿದ ಉಜ್ಜಿನಪ್ಪನಿಗೆ ರೋಗ ಸಿಕ್ಕಿತು. ಹತ್ತು ಇದ್ದಲ್ಲೆಲ್ಲ ಅದಕ್ಕೆ ಮೊದಲು ಒಂದು ಹದಿಮೂರು ಬಂದು ಕೂತಿತ್ತು. ಟೆಲಿಪ್ರಿಂಟರಿನಲ್ಲಿ ಸಾಲು ಮುಗಿದರೆ ಎರಡು ಕೀಲಿ ಒತ್ತಬೇಕು: ಒಂದು ಸಾಲಿನ ಮೊದಲಿಗೆ ಮರಳಲು, ಇನ್ನೊಂದು ಕಾಗದ ಸರಿಸಲು. ಕಂಪ್ಯೂಟರಿನಲ್ಲಿ ಅವೇ ಹದಿಮೂರು, ಹತ್ತು. ಸಾಲು ಮುಗಿಸಲು ಯುನಿಕ್ಸಿಗೆ ಬರೀ ಹತ್ತು ಸಾಕು. ಡಾಸ್‌ಗೆ ಎರಡೂ ಬೇಕು. ತೇವ ಹತ್ತು ಎಂದಿದ್ದರೂ ಡಾಸ್ ಸಾಲು ಮುಗಿಯಿತೆಂದು ತಿಳಿದು ಅದರ ಹಿಂದೆ ಹದಿಮೂರು ಅಂಟಿಸುತ್ತಿತ್ತು.

"ಏನರ ತಿಳೀತೇನ್ರಿ ಅಣ್ಣಾರ?" ಎಂದಳು ಸುವರ್ಣಮ್ಮ.

"ನಾ ಹಳೇ ಕಾಲದವ, ನನಗೇನ್ ತಿಳೀತದವ್ವ? ನೀನ ಶಾಣ್ಯಾಕಿ."

ಅವಳ ಮುಖ ಬಾಡಿದಾಗ ಅವನ ಎದೆ ತಂಪಾಯಿತು. ಹತ್ತರ ಜೊತೆ ಬಂದ ಹದಿಮೂರನ್ನೆಲ್ಲ ಕಿತ್ತುಹಾಕುವ ಪ್ರೋಗ್ರಾಮೊಂದನ್ನು ತನಗೆ ಗೊತ್ತಿದ್ದ ಬೇಸಿಕ್ ಭಾಷೆಯಲ್ಲಿ ಗುಟ್ಟಾಗಿ ಬರೆದ. ಶನಿವಾರ ಎಲ್ಲರೆದುರು ಟೆಲಿಪ್ರಿಂಟರ್ ಕಥೆಯನ್ನು ರಾಗವಾಗಿ ಹೇಳಿ ಅದನ್ನು ಓಡಿಸಿದ. ಮೊದಲ ಪುಟ ಸರಿಯಿತ್ತು. ಎರಡನೆಯ ಪುಟದಲ್ಲಿ ಮರಿಸ್ವಾಮಿಯವರು ಕನ್ನಡಕ ತೆಗೆದು ಒರೆಸಿಕೊಂಡರು.

"ತೇವ ಅರವತ್ನಾಕು! ಉಜ್ಜಿನಪ್ಪ, ಇದು ಅದಿರೋ ಕಲ್ಲಂಗಡಿಯೋ?"

ಸುವರ್ಣಮ್ಮ ಸಂಡೂರಿನ ಪಟ್ಟಿ ತೆಗೆದಳು. "ಈ ಮಾದರಿಯಾಗ ಸಿಲಿಕಾ ಖರೇನ ಹದಿಮೂರು, ತೇವ ಹತ್ತು ಐತ್ರಿ. ನಮ್ಮ ಹದಿಮೂರನ್ನೂ ಕಿತ್ತೀರಿ ಅಣ್ಣಾರ; ಮುಂದಿನವೆಲ್ಲ ಒಂದೊಂದು ಮನಿ ಸರಿದಾವ, ಕಬ್ಬಿಣದ ಅರವತ್ನಾಕು ತೇವದ ಮನ್ಯಾಗ ಕುಂತೈತಿ." ಕ್ಷಣ ಯೋಚಿಸಿ ಅಂದಳು: "ಬಂದ ಮ್ಯಾಲೆ ಕೀಳೋದು ಬ್ಯಾಡ್ರಿ. ಬರದಂಗ ಮಾಡಣ."

ಪುಸ್ತಕ ತಿರುವಿ, ಸ್ಕ್ರಿಪ್ಟಿನಲ್ಲಿ ಫೈಲು ತೆರೆದ ಕಡೆಯಲ್ಲೆಲ್ಲ ‘ಬಿನ್‌ಮೋಡ್’ ಎಂಬ ಸಾಲು ಸೇರಿಸಿದಳು. ಇದು ಬರಹವಲ್ಲ, ಇದ್ದದ್ದು ಇದ್ದಂತೆ ಬಿಡು ಎಂದು ಅದರ ಅರ್ಥ. ಅಂಕಿಗಳು ಸರಿಯಾದವು. ಸಂಡೂರಿನಲ್ಲಿ ಆ ಸಾಲಿನಿಂದ ಏನೂ ಕೆಡದು. ಎರಡು ಊರಿಗೂ ಒಂದೇ ಸ್ಕ್ರಿಪ್ಟ್ ಆಯಿತು. ಹೊಣೆಯೂ ಅವಳದೇ ಆಯಿತು.

"ಹದಿಮೂರು ಎಲ್ಲಿಂದ ಬಂತಂತ ಹಿಡದವರು ಅಣ್ಣಾರ್ರಿ ಸರ್. ಅವರು ಹೇಳದಿದ್ರ ನನಗ ಹೊಳೀತಿರಲಿಲ್ಲ" ಎಂದಳು.

ಬೈದಿದ್ದರೆ ಉಜ್ಜಿನಪ್ಪ ತಡೆದುಕೊಳ್ಳುತ್ತಿದ್ದ; ಈ ಹೊಗಳಿಕೆ ಹೆಚ್ಚು ಉರಿಯಿತು. ಎದ್ದು ಹೋಗಬೇಕೆಂದುಕೊಂಡ, ಆದರೆ ಆ ಸಾಲು ತನಗೆ ಬಾರದೆಂಬುದು ಇನ್ನೂ ಉರಿಯಿತು. ಕುರ್ಚಿ ಎಳೆದುಕೊಂಡು ಅವಳ ಮೇಜಿನ ಬಳಿ ಕುಳಿತು, ಮುಖ ನೋಡದೆ ಗೊಣಗಿದ:

"ಎಲ್ಲಿ ಹಾಕಿದಿ ತಂಗಿ, ತೋರ್ಸು."