ಓರ್ಕಾ ಯಾರ ಪೈಕಿ?

ಶಹಾಪುರದಲ್ಲಿ ಆಗ ಬಾಡಿಗೆ ಮನೆ ಹುಡುಕುವುದೆಂದರೆ ಹುಲಿಯ ಹಾಲು ತಂದಂತೆ. ಕಾಲುವೆಗೆ ನೀರು ಬಂದ ಮೇಲೆ ಊರಿಗೆ ಜನ ನುಗ್ಗಿದ್ದರು. ನಾನು ಹೈಸ್ಕೂಲಿನ ಹೊಸ ವಿಜ್ಞಾನ ಮಾಸ್ತರ, ಹೆಂಡತಿ ತುಂಬು ಬಸುರಿ. ಹೇಗೋ ಒಬ್ಬ ಸಾಹುಕಾರರ ಹಿತ್ತಲಲ್ಲಿ ಎರಡು ಖೋಲಿ ಸಿಕ್ಕವು. ಹೆರಿಗೆಯವರೆಗಾದರೂ ಅವು ಕೈತಪ್ಪದಿದ್ದರೆ ಸಾಕಾಗಿತ್ತು. ನನ್ನ ಅಡ್ಡಹೆಸರು ಹುಟ್ಟೂರಾದ ಗೋಗಿಯದು; ಅದರಿಂದ ಸಾಹುಕಾರರು ತಮಗೆ ಒಪ್ಪುವ ಜಾತಿಯೊಂದನ್ನು ಊಹಿಸಿಕೊಂಡಿದ್ದರು. ಕೇಳದೆ ಹೇಳಲು ನನಗೇನು ಹುಚ್ಚೇ?

ಒಂದು ಸಂಜೆ ಅವರ ಮಗಳಿಗೆ ಪಾಠ ಹೇಳುತ್ತಿದ್ದೆ. ಸಾಹುಕಾರರು ಕಟ್ಟೆಯ ಮೇಲೆ ಎಲೆಅಡಿಕೆ ಜಗಿಯುತ್ತ ಕೂತಿದ್ದರು. ಓರ್ಕಾವನ್ನು ಜನ ಕೊಲೆಗಾರ ತಿಮಿಂಗಿಲ ಅನ್ನುತ್ತಾರೆ, ಅದು ನಿಜಕ್ಕೂ ಡಾಲ್ಫಿನ್ ಕುಟುಂಬದ್ದು, ಆ ಮನೆತನದಲ್ಲೇ ದೊಡ್ಡದು ಎಂದೆ.

“ಹೆಸರು ತಿಮಿಂಗಿಲ, ಕುಲ ಡಾಲ್ಫಿನ್? ಹೆಂಗ ಕಂಡುಹಿಡಿದ್ರಿ?” ಎಂದರು ಸಾಹುಕಾರರು.

“ಹೆಸರು ಮಂದಿ ಇಟ್ಟಿದ್ದು, ಸಾವ್ಕಾರ್ರ. ಹಲ್ಲು, ತಲಿಬುರುಡಿ, ರಕ್ತ ನೋಡಿ ಹೇಳ್ತಾರ. ಹಿಂದಕ್ಕ ಹೋದ್ರ ತಿಮಿಂಗಿಲಕ್ಕೂ ಡಾಲ್ಫಿನ್ನಿಗೂ ಮುತ್ಯಾ ಒಬ್ಬನ. ಇನ್ನೂ ಹಿಂದಕ್ಕ ಹೋದ್ರ ನೆಲದ ಮ್ಯಾಲ ಓಡಾಡೋ ಗೊರಸಿನ ಪ್ರಾಣಿ. ಆದರೂ ಕೆಲವು ಓರ್ಕಾ ಡಾಲ್ಫಿನ್ನ ಹಿಡಿದು ತಿಂತಾವ.”

“ಥೇಟ್ ನಮ್ಮ ತಮ್ಮ,” ಎಂದರು. ಕಾಲುವೆ ಪಕ್ಕದ ಹೊಲಕ್ಕಾಗಿ ತಮ್ಮನೊಂದಿಗೆ ಅವರ ಕೋರ್ಟು ಕಚೇರಿ ನಡೆದಿತ್ತು. ಅವನ ಹೆಸರೆತ್ತಿದರೆ ಉಗುಳುತ್ತಿದ್ದರು.

ನಾನು ನಕ್ಕೆ. ಆ ಪಾಠವನ್ನು ಸಾಹುಕಾರರು ಮಗಳಿಗಿಂತ ಚೆನ್ನಾಗಿ ಕಲಿತಿದ್ದಾರೆಂದು ಆಗ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಬಾಗಿಲಿಗೆ ಬಂದರು.

“ಸರ, ಹೆಸರು ನೋಡಿ ನಂಬಬಾರದು ಅಂದ್ರಲ್ಲ, ಖರೇ ಅದ. ಗೋಗ್ಯಾಗ ನಿಮ್ಮ ಮನಿ ಯಾವ ಓಣ್ಯಾಗ ಬರ್ತದ?”

ನಮ್ಮ ಕಡೆ ಹಲ್ಲು, ಬುರುಡೆ ಬೇಕಿಲ್ಲ, ಓಣಿ ಸಾಕು. ಪಾಪ, ವಿಜ್ಞಾನಿಗಳು ಸುಮ್ಮನೆ ಸಮುದ್ರಕ್ಕೆ ಇಳಿದರು. ನಾನು ತಡವರಿಸುವಷ್ಟರಲ್ಲಿ ಹೆಂಡತಿ ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದಳು.

“ಊರ ಹೊರಗಿನ ಓಣಿರೀ. ಹೇಳಾಕ ನಮಗೇನು ನಾಚಿಕಿಲ್ಲ,” ಎಂದಳು.

ಸಾಹುಕಾರರು ಸಿಟ್ಟಾಗಲಿಲ್ಲ. ಎಷ್ಟಾದರೂ ದೊಡ್ಡವರು. “ತಪ್ಪು ತಿಳ್ಕೋಬ್ಯಾಡ್ರಿ. ಖೋಲಿ ಖಾಲಿ ಮಾಡಬೇಕಾಗ್ತದ. ನಮ್ಮ ತಮ್ಮ ಇರಾಕ ಬರಾಕತ್ತಾನ.”

“ಯಾವ ತಮ್ಮ?” ಎಂದೆ.

“ಇರೋನು ಒಬ್ಬನ ತಮ್ಮ ಅಲ್ಲೇನ್ರಿ? ಏನಂದ್ರೂ ನಮ್ಮ ರಕ್ತ.”

ಆ ತಮ್ಮ ಎಂದೂ ಬರಲಿಲ್ಲ. ನಮ್ಮ ಮಗಳು ಗೋಗಿಯ ಅದೇ ಓಣಿಯಲ್ಲಿ ಹುಟ್ಟಿದಳು.